ಖಾಲಿ ಟ್ಯಾಂಕಿನ 135 ಸೆಂಟಿಮೀಟರ್

ಹೋದ ವರ್ಷ ಮಾರ್ಚಿನಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಅಪ್ಪ ನನ್ನ ರೂಮಿನ ಬಾಗಿಲು ತಟ್ಟಿದರು. "ಏನೋ ಮಗಾ, ನಿನ್ನ ಮೆಷಿನು ಟ್ಯಾಂಕಲ್ಲಿ ನೀರಿದೆ ಅಂತಿದೆ. ಲೈನಿನವರು ಕೊಡ ಹಿಡ್ಕೊಂಡು ಅಂಗಳಕ್ಕೆ ಬಂದು ನಿಂತಿದ್ದಾರೆ. ನಲ್ಲಿ ತಿರುಗಿಸಿದರೆ ಬರೀ ಗಾಳಿ."

ನಮ್ಮದು ಸಕಲೇಶಪುರದ ಕಡೆ ಒಂದು ಸಣ್ಣ ಕಾಫಿ ತೋಟ. ಮನೆಯ ಹಿಂದಿನ ದಿಬ್ಬದ ಮೇಲೆ ಎರಡು ಮೀಟರ್ ಆಳದ ಸಿಮೆಂಟ್ ಟ್ಯಾಂಕ್ ಇದೆ. ಕೆಳಗಿನ ಹಳ್ಳದಿಂದ ಮೋಟರ್ ನೀರು ಎತ್ತುತ್ತದೆ. ಮನೆಗೂ, ತೋಟದ ಕೆಲಸದವರು ಇರುವ ಲೈನ್ ಮನೆಗಳಿಗೂ ಅದೇ ನೀರು. ಟ್ಯಾಂಕಿನ ಪಕ್ಕ ಒಂದು ಡಬ್ಬಿಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರ್ ಇಟ್ಟು, ಅದಕ್ಕೆ ನೀರಿನ ಮಟ್ಟ ಅಳೆಯುವ ಒಂದು ಪುಟ್ಟ ಬೋರ್ಡ್ ಜೋಡಿಸಿದ್ದೆ. ನೀರು 60 ಸೆಂಟಿಮೀಟರಿಗಿಂತ ಕೆಳಗೆ ಇಳಿದರೆ ಮೋಟರ್ ತಾನಾಗಿಯೇ ಶುರುವಾಗಬೇಕು. ಅಡುಗೆಮನೆ ಗೋಡೆಯ ಮೇಲೆ ಒಂದು ಡಿಸ್‌ಪ್ಲೇ. ಅವತ್ತು ಅದರಲ್ಲಿ 135 ಅಂತ ಇತ್ತು. ಹಿಂದಿನ ರಾತ್ರಿ ಮಲಗುವಾಗಲೂ 135 ಇತ್ತು. ಎರಡು ಮೀಟರ್ ಟ್ಯಾಂಕಿನಲ್ಲಿ 135 ಸೆಂಟಿಮೀಟರ್ ನೀರು ಅಂದರೆ ಯಾರಿಗೂ ಅನುಮಾನ ಬರುವ ಸಂಖ್ಯೆಯಲ್ಲ. ಮುಕ್ಕಾಲಿಗೆ ಸ್ವಲ್ಪ ಕಮ್ಮಿ, ಅಷ್ಟೆ.

ದಿಬ್ಬ ಹತ್ತಿ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟೆ. ತಳದ ಕೆಸರು ಕಾಣುತ್ತಿತ್ತು.

ಮೋಟರನ್ನು ಕೈಯಲ್ಲೇ ಹಾಕಿ ನೀರು ಏರುವ ಹೊತ್ತಿಗೆ ಡಬ್ಬಿ ಬಿಚ್ಚಿ ನೋಡಿದೆ. ಬೋರ್ಡಿಗೆ ಹೋಗುವ ಕನೆಕ್ಟರಿನ ಪಿನ್ನುಗಳು ಇಬ್ಬನಿ ಕುಡಿದು ಕುಡಿದು ಹಸಿರುಗಟ್ಟಿದ್ದವು. ಬೋರ್ಡು ಉತ್ತರ ಕೊಡುವುದನ್ನೇ ನಿಲ್ಲಿಸಿತ್ತು. ಸರಿ, ಅದು ಆಗುವಂಥದ್ದೇ. ಮಲೆನಾಡಿನಲ್ಲಿ ತಾಮ್ರ ಹಸಿರಾಗದೆ ಇರುತ್ತದಾ? ಆದರೆ ಬೋರ್ಡು ಸುಮ್ಮನಾದರೆ ಗೊತ್ತಾಗಲಿ ಅಂತಲೇ ನಾನು ಡ್ರೈವರಿನಲ್ಲಿ, ಅಂದರೆ ಬೋರ್ಡಿನ ಜೊತೆ ಮಾತಾಡುವ ಪ್ರೋಗ್ರಾಮಿನಲ್ಲಿ, ಒಂದು ಚೆಕ್ ಬರೆದಿದ್ದೆ. ಓದಿದ ಮಟ್ಟ ಸೊನ್ನೆಗಿಂತ ಕಮ್ಮಿ ಬಂದರೆ ಎರರ್ ಅಂತ ವಾಪಸ್ ಕಳಿಸು, ಮುಂದಕ್ಕೆ ಹೋಗಬೇಡ. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಆ ಸಾಲು ಅಲ್ಲೇ ಇತ್ತು. ಸರಿಯಾಗಿಯೇ ಇತ್ತು. ಹಾಗಾದರೆ ಈ 135 ಎಲ್ಲಿಂದ ಬಂತು?

ಇಪ್ಪತ್ತು ನಿಮಿಷ ಆ ಸಾಲನ್ನೇ ನೋಡುತ್ತಾ ಕೂತಿದ್ದೆ. ತಪ್ಪು ಆ ಸಾಲಿನಲ್ಲಿ ಇರಲಿಲ್ಲ. ಅದಕ್ಕಿಂತ ಎಂಟು ಸಾಲು ಮೇಲೆ, ಓದಿದ ಮಟ್ಟ ಇಡುವ ಲೆವೆಲ್ ಅನ್ನುವ ವೇರಿಯಬಲ್ ಘೋಷಿಸಿದ ಜಾಗದಲ್ಲಿತ್ತು. ಬೋರ್ಡು ಕೊಡುವುದು ಒಂದು ಬೈಟ್ ತಾನೆ ಅಂತ ನಾನು ಅದನ್ನು ಯು8 ಅಂತ ಬರೆದಿದ್ದೆ. ಅಂದರೆ 8 ಬಿಟ್, ಮೈನಸ್ ಇಲ್ಲದ ಸಂಖ್ಯೆ. 0ಯಿಂದ 255ರವರೆಗೆ ಮಾತ್ರ.

ನನ್ನ ಡ್ರೈವರ್ ಓಡುವುದು ಕರ್ನಲ್ಲಿನೊಳಗೆ, ಅಂದರೆ ಪೈ ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳಿನಲ್ಲಿ. ಅಲ್ಲಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ಲಿನಕ್ಸ್ ಕರ್ನಲ್ಲಿನಲ್ಲಿ ಬಹಳಷ್ಟು ಫಂಕ್ಷನ್‌ಗಳು (ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡುಗಳು) ಕೆಲಸ ಆಯಿತು ಅಂದರೆ ಸೊನ್ನೆಯನ್ನೋ, ಓದಿದ ಬೆಲೆಯನ್ನೋ ಕೊಡುತ್ತವೆ. ಕೆಲಸ ಕೆಟ್ಟರೆ ಒಂದು ಮೈನಸ್ ಸಂಖ್ಯೆ ಕೊಡುತ್ತವೆ. ಆ ಸಂಖ್ಯೆಯೇ ಕಾರಣ. ಮೈನಸ್ 5 ಅಂದರೆ ಓದು-ಬರಹದಲ್ಲಿ ತೊಂದರೆ. ಮೈನಸ್ 12 ಅಂದರೆ ಮೆಮೊರಿ ಸಿಗಲಿಲ್ಲ. ಮೈನಸ್ 22 ಅಂದರೆ ನೀನು ಕೊಟ್ಟ ಮಾಹಿತಿಯೇ ಸರಿಯಿಲ್ಲ. ಮೈನಸ್ 110 ಅಂದರೆ ಕಾದು ಕಾದು ಹೊತ್ತು ಮೀರಿತು. ಒಂದೇ ಬಾಗಿಲಿನಲ್ಲಿ ಉತ್ತರವೂ ಬರಬೇಕು, 'ಆಗಲಿಲ್ಲ' ಅನ್ನುವುದೂ ಬರಬೇಕು. ಅದಕ್ಕೆ ಸೊನ್ನೆಯ ಈ ಕಡೆ ಉತ್ತರ, ಆ ಕಡೆ ಎರರ್ ಅಂತ ಹಂಚಿಕೊಂಡಿದ್ದಾರೆ.

ರಾಸ್ಪ್‌ಬೆರಿ ಪೈನಲ್ಲಿ ಬೋರ್ಡನ್ನು ಜೋಡಿಸುವ ಐ2ಸಿ ಅನ್ನುವ ತಂತಿಯ ಆ ತುದಿಯಿಂದ ಯಾರೂ ಓಗೊಡದಿದ್ದರೆ ಬರುವುದು ಮೈನಸ್ 121. ನಾನು ಕರೆದ ಫಂಕ್ಷನ್ ಅದನ್ನು 32 ಬಿಟ್‌ನಲ್ಲಿ, ಮೈನಸ್ ಸಮೇತ, ನಿಯತ್ತಾಗಿಯೇ ಕೊಟ್ಟಿತ್ತು. ನಾನು ಅದನ್ನು 8 ಬಿಟ್ಟಿನ ಡಬ್ಬಿಗೆ ತುರುಕಿದೆ. ಡಬ್ಬಿಯಲ್ಲಿ ಮೈನಸ್‌ಗೆ ಜಾಗ ಇಲ್ಲ. 256ರಲ್ಲಿ 121 ಕಳೆದರೆ 135. ಟ್ಯಾಂಕಿನಲ್ಲಿದ್ದದ್ದು ನೀರಲ್ಲ, ಎರರ್ ನಂಬರು. ಅದನ್ನು ಸೆಂಟಿಮೀಟರ್ ಅಂತ ಅಡುಗೆಮನೆ ಗೋಡೆಯ ಮೇಲೆ ತೋರಿಸುತ್ತಿದ್ದೆ.

ಇನ್ನು ಆ ಚೆಕ್. ಯು8 ಯಾವತ್ತೂ ಸೊನ್ನೆಗಿಂತ ಕಮ್ಮಿ ಆಗಲ್ಲ. ನಾನು ಬರೆದದ್ದನ್ನು ಮೆಷಿನ್ ಭಾಷೆಗೆ ತಿರುಗಿಸುವ ಕಂಪೈಲರಿಗೂ ಇದು ಗೊತ್ತು. ಹಾಗಾಗಿ ಅದು ಏನು ಮಾಡಿತ್ತು ಗೊತ್ತಾ? ಕಂಪೈಲ್ ಆದ ಫೈಲನ್ನು ಆಬ್ಜ್‌ಡಂಪ್ ಅನ್ನುವ ಉಪಕರಣದಲ್ಲಿ ಬಿಡಿಸಿ ನೋಡಿದೆ. ನನ್ನ ಚೆಕ್ ಅದರಲ್ಲಿ ಇರಲೇ ಇಲ್ಲ. ಎಂದೂ ನಿಜವಾಗದ ಷರತ್ತು ಯಾಕೆ ಬೇಕು ಅಂತ ಕಂಪೈಲರ್ ಪೂರ್ತಿ ಕಿತ್ತು ಹಾಕಿತ್ತು. ನಾನು ಓದುತ್ತಿದ್ದ ಕಡತದಲ್ಲಿ ಕಾವಲುಗಾರ ಇದ್ದ, ಟ್ಯಾಂಕಿನ ಪಕ್ಕ ಓಡುತ್ತಿದ್ದ ಪ್ರೋಗ್ರಾಮಿನಲ್ಲಿ ಇರಲಿಲ್ಲ.

ನನ್ನನ್ನು ಅವತ್ತಿನಿಂದ ಬಿಡದೆ ಕಾಡುತ್ತಿರುವುದು ಇದೇ. ಚೆಕ್ ಬರೆಯದೇ ಇದ್ದಿದ್ದರೆ ಯಾರಾದರೂ ಕಂಡುಹಿಡಿಯುತ್ತಿದ್ದರು. "ಇಲ್ಲಿ ಎರರ್ ನೋಡಿಲ್ಲವಲ್ಲ" ಅಂತ ಕೇಳುತ್ತಿದ್ದರು. ಚೆಕ್ ಇದೆ, ಆದರೆ ಅದು ಎಂದೂ ಮಾತಾಡಲ್ಲ ಅಂದರೆ, ಓದುವವರ ಕಣ್ಣು ಸಮಾಧಾನವಾಗಿ ಮುಂದೆ ಹೋಗುತ್ತದೆ. ನನ್ನ ಕಣ್ಣೇ ಎಷ್ಟೋ ಸಲ ಹೋಗಿತ್ತು.

ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಸಿ ಭಾಷೆಯ ಲ್ಯಾಬ್ ಇತ್ತು. ಪೂರ್ಣಾಂಕ ಇಡುವ ಇಂಟ್ ಟೈಪು ಅಂದರೆ 2 ಬೈಟ್, ಮೈನಸ್ 32768ರಿಂದ 32767ರವರೆಗೆ ಅಂತ ಬಾಯಿಪಾಠ ಮಾಡಿದ್ದೆವು. ಟರ್ಬೊ ಸಿ ಅನ್ನುವ ಹಳೇ ಕಂಪೈಲರ್ ಕಾಲದ ಲೆಕ್ಕ ಅದು. ಈಗಿನ ಮೆಷಿನುಗಳಲ್ಲಿ ಇಂಟ್ 4 ಬೈಟ್. ವೈವಾದಲ್ಲಿ ಆ ಸಂಖ್ಯೆ ಹೇಳಿದರೆ ಮಾರ್ಕ್ಸ್ ಸಿಗುತ್ತಿತ್ತು. ಆದರೆ ಮೈನಸ್ ಇರುವ ಸಂಖ್ಯೆಯನ್ನು ಮೈನಸ್ ಇಲ್ಲದ ಸಂಖ್ಯೆಯ ಪಕ್ಕ ಇಟ್ಟು ಹೋಲಿಸಿದರೆ ಏನಾಗುತ್ತದೆ ಅನ್ನುವುದು ನನ್ನ ತಲೆಗೆ ಹೋಗಿದ್ದು ಎಷ್ಟೋ ವರ್ಷ ಆದ ಮೇಲೆ. ಟ್ಯಾಂಕ್ ಒಣಗಿದ ಮೇಲೆ ಅದನ್ನು ಪೂರ್ತಿ ಕೂತು ಕಲಿತೆ. ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ನನ್ನದು ಇದರಲ್ಲೇ ತೀರಾ ಸುಲಭದ ತಪ್ಪು.

ಡ್ರೈವರುಗಳಲ್ಲಿ ಜಾಸ್ತಿ ಕಾಣುವುದು ಐಆರ್‌ಕ್ಯೂ ನಂಬರಿನ ತಪ್ಪು. ಐಆರ್‌ಕ್ಯೂ ಅಂದರೆ ಇಂಟರಪ್ಟ್, ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ. ಇಂಟರಪ್ಟ್ ನಂಬರ್ ಯಾವತ್ತೂ ಮೈನಸ್ ಇರಲ್ಲ ಅಲ್ವಾ ಅಂತ ಅದನ್ನು ಅನ್‌ಸೈನ್ಡ್ ಇಂಟ್, ಅಂದರೆ ಮೈನಸ್ ಇಲ್ಲದ ಇಂಟ್, ಅಂತ ಬರೆಯುತ್ತಾರೆ. ಆ ನಂಬರ್ ತಂದುಕೊಡುವ ಫಂಕ್ಷನ್ ಮಾತ್ರ ಸಿಗದಿದ್ದರೆ ಮೈನಸ್ ಕೊಡುತ್ತದೆ. ಮೈನಸ್ 22 ಬಂದರೆ 32 ಬಿಟ್ ಅನ್‌ಸೈನ್ಡ್‌ನಲ್ಲಿ ಅದು 4294967274 ಆಗುತ್ತದೆ. ಆಮೇಲೆ 'ಸೊನ್ನೆಗಿಂತ ಕಮ್ಮಿಯಾ' ಅಂತ ಕೇಳಿದರೆ ಉತ್ತರ ಯಾವಾಗಲೂ 'ಅಲ್ಲ'. ಎನಮ್, ಅಂದರೆ ಬೆಲೆಗಳಿಗೆ ಹೆಸರಿಟ್ಟ ಪಟ್ಟಿ, ಅದರಲ್ಲೂ ಇದೇ ಕಥೆ. ಪಟ್ಟಿಯಲ್ಲಿ ಮೈನಸ್ ಬೆಲೆ ಒಂದೂ ಇಲ್ಲದಿದ್ದರೆ ಜಿಸಿಸಿ ಕಂಪೈಲರ್ ಆ ಎನಮ್ ಅನ್ನು ಅನ್‌ಸೈನ್ಡ್ ಅಂತಲೇ ಇಟ್ಟುಕೊಳ್ಳುತ್ತದೆ. ಕೋಡ್ ನೋಡಿದರೆ ಅನ್‌ಸೈನ್ಡ್ ಅನ್ನುವ ಪದವೇ ಕಾಣಲ್ಲ.

ಒಂದು ವಿಚಿತ್ರ ಹೇಳುತ್ತೇನೆ. 32 ಬಿಟ್ ಅನ್‌ಸೈನ್ಡ್ ವೇರಿಯಬಲ್‌ನಲ್ಲಿ ಮೈನಸ್ 22 ಹಾಕಿ, 'ಇದು ಮೈನಸ್ 22ಕ್ಕೆ ಸಮವಾ' ಅಂತ ಕೇಳಿದರೆ 'ಹೌದು' ಅನ್ನುತ್ತದೆ. ಹೋಲಿಸುವಾಗ ಎರಡೂ ಕಡೆ ಅನ್‌ಸೈನ್ಡ್ ಆಗಿ, ಎರಡೂ 4294967274 ಆಗುತ್ತವೆ. ಅದೇ ಪ್ರಶ್ನೆಯನ್ನು ಯು8ಗೆ ಕೇಳಿ. 'ಅಲ್ಲ' ಅನ್ನುತ್ತದೆ. ಸಣ್ಣ ಟೈಪುಗಳು ಹೋಲಿಕೆಗೆ ಮೊದಲು ಇಂಟ್ ಆಗುತ್ತವೆ, ಆಗ ಅದು 234, ಮತ್ತೊಂದು ಕಡೆ ಮೈನಸ್ 22. ಹಾಗಾಗಿ ಯಾರೋ ಒಬ್ಬರು ದೊಡ್ಡ ಟೈಪಿನಲ್ಲಿ ಟೆಸ್ಟ್ ಮಾಡಿ 'ಸರಿಯಿದೆ' ಅಂದುಕೊಂಡು, ಆಮೇಲೆ ಜಾಗ ಉಳಿಸೋಕೆ ಯು16 ಮಾಡಿದರೆ ಚೆಕ್ ಸತ್ತುಹೋಗುತ್ತದೆ.

ಒಂದು ಅಕ್ಷರ ಇಡುವ ಚಾರ್ ಟೈಪು ಇನ್ನೊಂದು ಥರ. ಎಕ್ಸ್86 ಚಿಪ್ಪಿನ ಲ್ಯಾಪ್‌ಟಾಪಿನಲ್ಲಿ ಬರೀ ಚಾರ್ ಅಂದರೆ ಮೈನಸ್ ಇರುವಂಥದ್ದು. ಪೈನಲ್ಲಿರುವಂಥ ಆರ್ಮ್ ಚಿಪ್ಪಿನ ಲಿನಕ್ಸ್‌ನಲ್ಲಿ ಮೈನಸ್ ಇಲ್ಲದ್ದು. ಮೈನಸ್ 121 ಅನ್ನು ಚಾರ್‌ನಲ್ಲಿ ಇಟ್ಟರೆ ಲ್ಯಾಪ್‌ಟಾಪಿನಲ್ಲಿ ಚೆಕ್ ಕೆಲಸ ಮಾಡುತ್ತಿತ್ತು, ಪೈಗೆ ಹಾಕಿದರೆ ಮಾಡುತ್ತಿರಲಿಲ್ಲ. 2023ರ ಕರ್ನಲ್ 6.2ರಿಂದ ಎಲ್ಲ ಕಡೆಯೂ ಚಾರ್ ಮೈನಸ್ ಇಲ್ಲದ್ದು ಅಂತ ಒಂದೇ ಮಾಡಿದ್ದಾರೆ. ತಪ್ಪಾದರೂ ಎಲ್ಲ ಕಡೆ ಒಂದೇ ಥರ ತಪ್ಪಾಗಲಿ ಅನ್ನುವುದು ನನಗೆ ತುಂಬಾ ಸರಿ ಅನ್ನಿಸಿತು.

ಆದರೆ ನನ್ನನ್ನು ನಿಜವಾಗಿ ಬೆಚ್ಚಿಸಿದ್ದು ಸೈಜ್‌ಆಫ್, ಒಂದು ವೇರಿಯಬಲ್ ಎಷ್ಟು ಬೈಟ್ ಅಂತ ಹೇಳುವ ಸಿ ಪದ. ಒಂದು ಸಾಧನದಿಂದ 6 ಬೈಟ್ ಓದಿ ಬಫರ್ ಅನ್ನುವ ತಾತ್ಕಾಲಿಕ ಜಾಗದಲ್ಲಿ ಇಡಬೇಕು ಅಂತಿಟ್ಟುಕೊಳ್ಳಿ. ಫಂಕ್ಷನ್ ಎಷ್ಟು ಬೈಟ್ ಓದಿದೆ ಅಂತ ಹೇಳುತ್ತದೆ, ಕೆಟ್ಟರೆ ಮೈನಸ್. ನೀವು ಜಾಗ್ರತೆಯಿಂದ ಅದನ್ನು ಇಂಟ್‌ನಲ್ಲೇ ಇಡುತ್ತೀರಿ. ಟೈಪ್ ಸರಿಯಾಗಿದೆ. ಆಮೇಲೆ 'ಬಂದದ್ದು ಬಫರಿನ ಸೈಜ್‌ಆಫ್‌ಗಿಂತ ಕಮ್ಮಿಯಿದ್ದರೆ ಎರರ್' ಅಂತ ಬರೆಯುತ್ತೀರಿ. ಓದಿದರೆ ಎಷ್ಟು ಸರಿಯಾಗಿ ಕಾಣುತ್ತದೆ ನೋಡಿ! ಕಮ್ಮಿ ಬೈಟ್ ಬಂದರೂ ಸಿಕ್ಕಿಬೀಳುತ್ತದೆ, ಮೈನಸ್ ಬಂದರೂ ಸಿಕ್ಕಿಬೀಳುತ್ತದೆ, ಒಂದೇ ಸಾಲು ಸಾಕು. ಆದರೆ ಸೈಜ್‌ಆಫ್ ಕೊಡುವುದು ಮೈನಸ್ ಇಲ್ಲದ ಸಂಖ್ಯೆ. ಪಕ್ಕದಲ್ಲಿರುವ ನಿಮ್ಮ ಇಂಟ್ ಕೂಡ ಹೋಲಿಸುವ ಹೊತ್ತಿಗೆ ಹಾಗೇ ಆಗಿಬಿಡುತ್ತದೆ. 64 ಬಿಟ್ ಮೆಷಿನಿನಲ್ಲಿ ಮೈನಸ್ 121 ಹೋಗಿ 18446744073709551495 ಆಗುತ್ತದೆ. ಇದು 6ಕ್ಕಿಂತ ಕಮ್ಮಿಯಾ? ಅಲ್ಲ. ಎರಡು ಬೈಟ್ ಬಂದರೆ ಹಿಡಿಯುವ ಚೆಕ್, ಏನೂ ಬರದಿದ್ದಾಗ ಬಿಟ್ಟುಬಿಡುತ್ತದೆ. ಆ ಬಫರಿನಲ್ಲಿ ಹಿಂದೆ ಏನು ಬಿದ್ದಿತ್ತೋ ಅದನ್ನೇ ಹೊಸ ರೀಡಿಂಗ್ ಅಂತ ಮುಂದಕ್ಕೆ ಕಳಿಸುತ್ತದೆ. ಮೊದಲು ಸೊನ್ನೆಗಿಂತ ಕಮ್ಮಿಯಾ ಅಂತ ಒಂದು ಸಲ, ಆಮೇಲೆ ಪೂರ್ತಿ ಬಂತಾ ಅಂತ ಒಂದು ಸಲ, ಎರಡು ಸಾಲಿನಲ್ಲಿ ಕೇಳಿದರೆ ಸರಿಹೋಗುತ್ತದೆ.

ಇನ್ನೊಂದು ನಮೂನೆ ಎರರ್ ಆದ ಮೇಲೆ ಹಿಂದಕ್ಕೆ ಬಿಚ್ಚಿಕೊಂಡು ಬರುವ ಲೂಪಿನಲ್ಲಿರುತ್ತದೆ. ಇಳಿಯುತ್ತಾ ಬರುವ ಎಣಿಕೆ ಸೊನ್ನೆಗಿಂತ ದೊಡ್ಡದು ಅಥವಾ ಸಮ ಇರುವವರೆಗೂ ಓಡು ಅಂತ ಬರೆದು, ಎಣಿಕೆಯನ್ನು ಅನ್‌ಸೈನ್ಡ್ ಇಟ್ಟರೆ ಲೂಪ್ ನಿಲ್ಲುವುದೇ ಇಲ್ಲ. ಇದು ಕನಿಷ್ಠ ಗಲಾಟೆ ಮಾಡಿ ಗೊತ್ತುಮಾಡುತ್ತದೆ.

ಹಾಗಾದರೆ ಕಂಪೈಲರ್ ಯಾಕೆ ಬಾಯಿ ಬಿಡಲ್ಲ? ಅದಕ್ಕೆ ಗೊತ್ತಿದೆ, ಹೇಳೋಕೂ ಬರುತ್ತದೆ. ಜಿಸಿಸಿಯಲ್ಲಿ ಟೈಪ್-ಲಿಮಿಟ್ಸ್ ಅನ್ನುವ ಎಚ್ಚರಿಕೆ ಇದೆ. ಕರ್ನಲ್ ಬಿಲ್ಡ್‌ನಲ್ಲಿ ಸಾಮಾನ್ಯವಾಗಿ ಅದು ಬರಲ್ಲ, ನಾನು ನೋಡಿದಾಗ ಬಿಲ್ಡ್ ಆದೇಶಕ್ಕೆ ಡಬ್ಲ್ಯೂ=2 ಅಂತ ಸೇರಿಸಿ ಕೇಳಬೇಕಿತ್ತು. ಸೈಜ್‌ಆಫ್ ಥರದ ತಪ್ಪಿಗೆ ಸೈನ್-ಕಂಪೇರ್ ಅನ್ನುವುದಿದೆ, ಅದಕ್ಕೆ ಡಬ್ಲ್ಯೂ=3. ಮುಚ್ಚಿಟ್ಟಿರುವುದಕ್ಕೆ ಕಾರಣವೂ ಇದೆ. 'ಸೊನ್ನೆಗಿಂತ ಕಮ್ಮಿ ಅಥವಾ ಹತ್ತಕ್ಕಿಂತ ಜಾಸ್ತಿ ಇದ್ದರೆ ಬೇಡ' ಅಂತ ಅನ್‌ಸೈನ್ಡ್ ಸಂಖ್ಯೆಗೂ ಬರೆಯುತ್ತಾರೆ. ಮೊದಲ ಅರ್ಧ ದಂಡ, ಆದರೆ ಓದೋಕೆ ಚೆನ್ನಾಗಿದೆ, ಅಪಾಯವೂ ಇಲ್ಲ. ಎಲ್ಲ ಟೈಪಿಗೂ ಒಂದೇ ಆಗಿ ಬರೆದ ಮ್ಯಾಕ್ರೋ ಅನ್ನುವ ಸಿದ್ಧ ಕೋಡಿನ ತುಂಡುಗಳಲ್ಲಂತೂ ಇಂಥವು ತುಂಬಿವೆ. ನನ್ನ ಪುಟ್ಟ ಡ್ರೈವರಿಗೆ ಡಬ್ಲ್ಯೂ=2 ಹಾಕಿದಾಗ ಪರದೆ ತುಂಬಾ ಬಂದ ಎಚ್ಚರಿಕೆಗಳಲ್ಲಿ ಹೆಚ್ಚಿನವು ಕರ್ನಲ್ಲಿನದೇ ಹೆಡರ್ ಫೈಲುಗಳದ್ದು. ನನ್ನ ಸಾಲು ಅದರ ನಡುವೆ ಎಲ್ಲೋ ಇತ್ತು.

ಅದಕ್ಕೇ ಬೇರೆ ಉಪಕರಣಗಳು ಬಂದವು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ 2003ರಲ್ಲಿ ಕೋಡಿನ ತಪ್ಪು ಹುಡುಕುವ ಸ್ಪಾರ್ಸ್ ಶುರುಮಾಡಿದರು. ಅದರ ಮೇಲೆ ಕರ್ನಲ್ ಡೆವಲಪರ್ ಡ್ಯಾನ್ ಕಾರ್ಪೆಂಟರ್ ಸ್ಮ್ಯಾಚ್ ಕಟ್ಟಿದರು. ಸ್ಮ್ಯಾಚ್ ಬರೀ ಸಾಲು ನೋಡಲ್ಲ. ಒಂದು ವೇರಿಯಬಲ್‌ಗೆ ಯಾವ ದಾರಿಯಲ್ಲಿ ಯಾವ ಬೆಲೆ ಬರಬಹುದು ಅಂತ ಹಿಂಬಾಲಿಸುತ್ತದೆ. ಈ ಫಂಕ್ಷನ್ ಮೈನಸ್ ಕೊಡಬಲ್ಲದು, ಅದನ್ನು ಇಟ್ಟ ಜಾಗ ಮೈನಸ್ ಹಿಡಿಯಲಾರದು ಅಂತ ಕಂಡರೆ ಹೇಳುತ್ತದೆ. ನನ್ನ ಫೈಲಿಗೆ ಓಡಿಸಿದೆ. 'ಅನ್‌ಸೈನ್ಡ್ ಲೆವೆಲ್ ಯಾವತ್ತೂ ಸೊನ್ನೆಗಿಂತ ಕಮ್ಮಿ ಇರಲ್ಲ' ಅನ್ನುವ ಅರ್ಥದ ಒಂದೇ ಎಚ್ಚರಿಕೆ, ಸಾಲಿನ ನಂಬರ್ ಸಮೇತ. ಇಪ್ಪತ್ತು ನಿಮಿಷ ನಾನು ನೋಡಿದ್ದನ್ನು ಅದು ಎರಡು ಸೆಕೆಂಡಿನಲ್ಲಿ ನೋಡಿತು.

ಇನ್ನೊಂದು ಕಾಕ್ಸಿನೆಲ್. ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಜೂಲಿಯಾ ಲಾವಲ್ ಮತ್ತು ಅವರ ಜೊತೆಯವರ ಕೆಲಸ. ಕೋಡಿನ ಒಂದು ನಮೂನೆಯನ್ನು ನಾವು ಬರೆದುಕೊಟ್ಟರೆ ಇಡೀ ಕರ್ನಲ್ಲಿನಲ್ಲಿ ಅದಕ್ಕೆ ಹೊಂದುವ ಜಾಗಗಳನ್ನು ಹುಡುಕಿಕೊಡುತ್ತದೆ, ಬೇಕಾದರೆ ತಿದ್ದಿಯೂ ಕೊಡುತ್ತದೆ. 'ಅನ್‌ಸೈನ್ಡ್ ಸೊನ್ನೆಗಿಂತ ಕಮ್ಮಿಯಾ' ಅನ್ನುವ ತಪ್ಪು ಹುಡುಕುವ ನಮೂನೆ ಕರ್ನಲ್ ಸೋರ್ಸ್ ಜೊತೆಯಲ್ಲೇ ಬರುತ್ತದೆ. ಹೆಸರು ನೋಡಿ ಖುಷಿಯಾಯಿತು. ಕಾಕ್ಸಿನೆಲ್ ಅಂದರೆ ಫ್ರೆಂಚಿನಲ್ಲಿ ಗುಲಗಂಜಿ ಹುಳು. ನಮ್ಮ ಕಾಫಿ ತೋಟಗಳಲ್ಲಿ ಹಿಟ್ಟು ತಿಗಣೆ ಬಿದ್ದರೆ ಅದನ್ನು ತಿನ್ನೋಕೆ ಬಿಡುವುದು ಗುಲಗಂಜಿ ಹುಳುವಿನ ಜಾತಿಯದ್ದೇ ಒಂದು ಹುಳುವನ್ನು. ಔಷಧಿ ಹೊಡೆದರೆ ಒಳ್ಳೆಯ ಹುಳುವೂ ಸಾಯುತ್ತದೆ. ಈ ಹುಳು ತಿಗಣೆಯನ್ನು ಹುಡುಕಿಕೊಂಡು ಹೋಗಿ ತಿನ್ನುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ, ನನ್ನ ಕೆಲಸದ ಬಗ್ಗೆ ಅವರು ಮೊದಲ ಸಲ ಎರಡನೇ ಪ್ರಶ್ನೆ ಕೇಳಿದರು.

ಹುಡುಕುವುದು ಸುಲಭವಾಯಿತು. ತಿದ್ದುವುದು ಅಷ್ಟು ಸುಲಭ ಅಲ್ಲ, ಇಲ್ಲಿ ಆತುರ ಮಾಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಉಪಕರಣ ಎಚ್ಚರಿಸಿತು ಅಂತ ಸುಮ್ನೆ ಅನ್‌ಸೈನ್ಡ್ ಅಳಿಸಿ ಇಂಟ್ ಅಂತ ಬರೆದರೆ ಎಚ್ಚರಿಕೆ ಹೋಗುತ್ತದೆ. ಆದರೆ ಆ ವೇರಿಯಬಲ್‌ನಲ್ಲಿರುವುದು ಹಾರ್ಡ್‌ವೇರಿನ 32 ಬಿಟ್ ರಿಜಿಸ್ಟರಿನಿಂದ, ಅಂದರೆ ಚಿಪ್ಪಿನೊಳಗೆ ಬೆಲೆ ಇಡುವ ಜಾಗದಿಂದ, ಓದಿದ್ದಾದರೆ? ಮೇಲಿನ ಬಿಟ್ 1 ಇರುವ ಒಳ್ಳೆಯ ಬೆಲೆಯೂ ಈಗ ಮೈನಸ್ ಆಗಿ, ಎರರ್ ಅಂತ ಹೊರಗೆ ಹೋಗುತ್ತದೆ. ಮೊದಲು ಸುಳ್ಳನ್ನು ನಿಜ ಅನ್ನುತ್ತಿದ್ದೆವು, ಈಗ ನಿಜವನ್ನು ಸುಳ್ಳು ಅಂದ ಹಾಗೆ. ಇನ್ನೂ ಒಂದಿದೆ. ಎಂದೂ ಓಡದಿದ್ದ ಎರರ್ ದಾರಿ ತಿದ್ದಿದ ಮೇಲೆ ಮೊದಲ ಸಲ ಓಡುತ್ತದೆ. ಅದರೊಳಗೆ ಏನೇನು ತಪ್ಪಿದೆಯೋ ಯಾರೂ ನೋಡಿಲ್ಲ. ಇಂಟರಪ್ಟ್ ಇಲ್ಲದೆಯೂ ಹೇಗೋ ನಡೆಯುತ್ತಿದ್ದ ಸಾಧನ, ಚೆಕ್ ಸರಿಯಾದ ದಿನದಿಂದ ಶುರುವಾಗುವುದನ್ನೇ ನಿಲ್ಲಿಸಬಹುದು. ಆ ಇಂಟರಪ್ಟ್ ಇರಲೇಬೇಕಾ, ಇದ್ದರೂ ಸರಿ ಇಲ್ಲದಿದ್ದರೂ ಸರಿಯಾ ಅಂತ ಕೇಳಿಕೊಂಡು ತಿದ್ದಬೇಕು.

ನನಗೆ ಹಿಡಿಸಿದ ದಾರಿ ರೆಗ್‌ಮ್ಯಾಪ್‌ನದ್ದು, ಅಂದರೆ ರಿಜಿಸ್ಟರ್ ಓದಿ ಬರೆಯೋಕೆ ಕರ್ನಲ್ಲಿನಲ್ಲೇ ಇರುವ ವ್ಯವಸ್ಥೆಯದ್ದು. ಅದರ ಓದುವ ಫಂಕ್ಷನ್ ಬೆಲೆಯನ್ನು ವಾಪಸ್ ಕೊಡಲ್ಲ. ಬೆಲೆ ಹಾಕೋಕೆ ನೀನೊಂದು ಡಬ್ಬಿ ಕೊಡು ಅನ್ನುತ್ತದೆ. ಆ ಡಬ್ಬಿ ಅನ್‌ಸೈನ್ಡ್. ವಾಪಸ್ ಬರುವುದು ಆಯಿತಾ ಇಲ್ಲವಾ ಅನ್ನುವುದು ಮಾತ್ರ, ಅದು ಇಂಟ್. ಎರಡಕ್ಕೂ ಬೇರೆ ಬೇರೆ ಜಾಗ. ನನ್ನ ಡ್ರೈವರಿನಲ್ಲೂ ಹಾಗೇ ಮಾಡಿದೆ. ಫಂಕ್ಷನ್ ಕೊಟ್ಟದ್ದನ್ನು ಮೊದಲು ಇಂಟ್‌ನಲ್ಲಿ ಇಡು. ಮೈನಸ್ ಇದ್ದರೆ ಅಲ್ಲಿಂದಲೇ ವಾಪಸ್. ಇಲ್ಲದಿದ್ದರೆ ಮಾತ್ರ ಯು8ಗೆ ಹಾಕು. ಆಮೇಲೆ ಟ್ಯಾಂಕಿನ ಹತ್ತಿರ ಹೋಗಿ ಕನೆಕ್ಟರ್ ಕಿತ್ತೆ. ನಿಜವಾಗಿ ತಂತಿ ಕಿತ್ತು ನೋಡುವುದಕ್ಕಿಂತ ಒಳ್ಳೆಯ ಟೆಸ್ಟ್ ನನಗೆ ಗೊತ್ತಿಲ್ಲ. ಬರೆದ ದಿನವೇ ಅದನ್ನು ಮಾಡಿದ್ದರೆ ಲೈನಿನ ಮನೆಗಳವರು ಕೊಡ ಹಿಡಿದು ನಿಲ್ಲಬೇಕಿರಲಿಲ್ಲ.

ಎರರ್ ಬಂದಾಗ ಡಿಸ್‌ಪ್ಲೇಯಲ್ಲಿ ಏನು ತೋರಿಸಬೇಕು ಅಂತ ಯೋಚಿಸುವಾಗ ಅಜ್ಜನ ಮಳೆ ಪುಸ್ತಕ ನೆನಪಾಯಿತು. ನಮ್ಮ ಕಡೆ ತೋಟದ ಮನೆಗಳಲ್ಲಿ ದಿನಾ ಮಳೆ ಅಳೆದು ಬರೆದಿಡುತ್ತಾರೆ. ಇಂಚು, ಸೆಂಟು ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂ ಮಳೆ ಎಷ್ಟು ಸೆಂಟು ಬಂತು ಅನ್ನುವುದರ ಮೇಲೆ ವರ್ಷದ ಕಾಫಿ ನಿಂತಿರುತ್ತದೆ. ಅಜ್ಜ ಬರೆಯುತ್ತಿದ್ದ ಪುಸ್ತಕಗಳನ್ನು ಈಗ ಅಪ್ಪ ಮುಂದುವರಿಸಿದ್ದಾರೆ. ಕಪಾಟಿನಿಂದ ಒಂದನ್ನು ತೆಗೆದು ನೋಡಿದೆ. ಮಳೆ ಇಲ್ಲದ ದಿನ ಸೊನ್ನೆ ಇದೆ. ಒಂದೊಂದು ದಿನ ಮಾತ್ರ ಸೊನ್ನೆಯೂ ಇಲ್ಲ, ಸಂಖ್ಯೆಯೂ ಇಲ್ಲ, ಒಂದು ಅಡ್ಡಗೆರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಬೇಲೂರು ಮದುವೆ' ಅಂತ. ಇನ್ನೊಂದು ಕಡೆ ಗೆರೆ, ಪಕ್ಕದಲ್ಲಿ 'ಎಲೆ'. ಅಳತೆ ಡಬ್ಬಿಯ ಬಾಯಿಗೆ ಎಲೆ ಬಿದ್ದು ನೀರು ಒಳಗೆ ಹೋಗಿಲ್ಲ ಅಂತ.

"ಗೆರೆ ಯಾಕೆ, ಸೊನ್ನೆ ಹಾಕಬಹುದಿತ್ತಲ್ಲ?" ಅಂತ ಅಪ್ಪನನ್ನು ಕೇಳಿದೆ.

"ಸೊನ್ನೆ ಅಂದ್ರೆ ನೋಡಿದೀನಿ, ಮಳೆ ಇಲ್ಲ ಅಂತ. ಗೆರೆ ಅಂದ್ರೆ ನೋಡಿಲ್ಲ ಅಂತ. ಎರಡೂ ಒಂದೇ ಏನೋ?" ಅಂದರು. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮೈನಸ್ 121ರ ಮುಂದಿನ ಗೆರೆಯನ್ನು ನಾನು ಅಷ್ಟು ದಿನ ಕಳೆಯುವ ಚಿಹ್ನೆ ಅಂತಲೇ ಓದಿದ್ದೆ. ಡಿಸ್‌ಪ್ಲೇಯ ಪ್ರೋಗ್ರಾಮ್ ತೆಗೆದು, ಎರರ್ ಬಂದರೆ ಸಂಖ್ಯೆ ಅಳಿಸಿ ಒಂದು ಉದ್ದ ಗೆರೆ ತೋರಿಸು ಅಂತ ಬರೆದೆ. ಮೋಟರ್ ವಿಷಯವನ್ನು ಅಪ್ಪನ ಹತ್ತಿರ ಕೇಳಿದೆ. ಗೆರೆ ಬಂದರೆ ತಾನಾಗಿ ಶುರುವಾಗುವುದು ಬೇಡ, ಹಳ್ಳದಲ್ಲಿ ನೀರಿಲ್ಲದಿದ್ದರೆ ಮೋಟರ್ ಸುಡುತ್ತದೆ, ನಾನೇ ಹೋಗಿ ನೋಡುತ್ತೇನೆ ಅಂದರು.

ಜೂನ್ ಕೊನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಹೊರಗೆ ಜಡಿಮಳೆ. ಅಮ್ಮ ಸಾರು ಬಡಿಸುತ್ತಾ ಗೋಡೆ ಕಡೆ ನೋಡಿ, "ಗೆರೆ ಬಂದಿದೆ ನೋಡ್ರಿ" ಅಂದರು. ಅಪ್ಪ ಕೈ ತೊಳೆದು, ಟಾರ್ಚ್ ಮತ್ತು ಛತ್ರಿ ತಗೊಂಡು ಹೊರಟರು. ಊಟ ಬಿಟ್ಟು ನಾನೂ ಹಿಂದೆ ಹೋದೆ. ಟ್ಯಾಂಕಿನಲ್ಲಿ ಎದೆಮಟ್ಟ ನೀರಿತ್ತು, ತೊಂದರೆ ಇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಮಳೆಗೆ ಹೆದರಿ ಒಳಗೆ ಸೇರಿದ ಇರುವೆಗಳು ಕನೆಕ್ಟರಿನ ಸುತ್ತ ಮಣ್ಣು ತುಂಬಿ, ಅದನ್ನು ಅರ್ಧ ಎಬ್ಬಿಸಿಬಿಟ್ಟಿದ್ದವು. ಒರೆಸಿ, ಒತ್ತಿ ಕೂರಿಸಿ ಬಂದೆವು.

ಮಾರನೇ ದಿನ ಬೆಳಿಗ್ಗೆ ಅಪ್ಪ ಮಳೆ ಪುಸ್ತಕ ಬರೆಯುತ್ತಿದ್ದರು. ಮಾರ್ಚಿನಿಂದ ಅದರಲ್ಲಿ ಟ್ಯಾಂಕಿಗೂ ಒಂದು ಕಾಲಮ್ ಎಳೆದುಕೊಂಡಿದ್ದಾರೆ. ಮಳೆಯ ಕಾಲಮ್ಮಿನಲ್ಲಿ 3 ಇಂಚು 40 ಸೆಂಟು. ಟ್ಯಾಂಕಿನದರಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಇರುವೆ'.